ಏಳು ಗ್ರಾಂ ಬಲದಲ್ಲಿ ಚಂದ್ರನವರೆಗೆ



ಈ ತಿಂಗಳ ಗೋಡೆ ಪತ್ರಿಕೆಗೆ ವಿಜ್ಞಾನ ಲೇಖನ ಬರೆಯುವ ಪಾಳಿ ನನ್ನದು. ಮೊದಲು ಚಂದ್ರಯಾನ-3ರ ಬಗ್ಗೆ ಬರೆಯೋಣ ಅಂದುಕೊಂಡೆ. ಆದರೆ ಅದು ನಿಮಗೆಲ್ಲ ಗೊತ್ತೇ ಇದೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದನ್ನು ಟಿ.ವಿ.ಯಲ್ಲಿ ನೋಡದವರು ಯಾರು? ಅದಕ್ಕೇ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಪುಟ್ಟ ನೌಕೆಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ಸ್ಮಾರ್ಟ್-1. ಅದರೊಳಗೆ ಮನುಷ್ಯರಿರಲಿಲ್ಲ. ಅದನ್ನು ಕಳಿಸಿದ್ದು ಯೂರೋಪಿನ ಬಾಹ್ಯಾಕಾಶ ಸಂಸ್ಥೆ. ಯೂರೋಪಿನವರು ಚಂದ್ರನಿಗೆ ಕಳಿಸಿದ ಮೊದಲನೇ ನೌಕೆ ಅದೇ.

ಯೂರೋಪಿನ ನೌಕೆ ನಮ್ಮ ಕುಬಟೂರಿನ ಶಾಲೆ ಗೋಡೆಗೆ ಯಾಕೆ ಅಂತ ನೀವು ಕೇಳಬಹುದು. ಎರಡು ಕಾರಣ ಇವೆ. ಒಂದು, ಅದು ನಮ್ಮ ಬೆಂಗಳೂರಿನಲ್ಲಿ ತಯಾರಾದ ಉಪಗ್ರಹದ ಜೊತೆ ಒಂದೇ ರಾಕೆಟ್ಟಿನಲ್ಲಿ ಕೂತು ಹೋಯಿತು. ಎರಡು, ಅದರ ಎಂಜಿನ್ನು ಕೆಲಸ ಮಾಡುವ ರೀತಿಯನ್ನು ನಮ್ಮೂರಿನ ಅಡಿಕೆ ತೋಟದಲ್ಲಿ ನಿಂತು ಅರ್ಥ ಮಾಡಿಕೊಳ್ಳಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಒಂದು ಸಣ್ಣ ಪ್ರಯೋಗ

ಒಂದು ಹತ್ತು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಅಂಗೈ ಮೇಲೆ ಇಟ್ಟುಕೊಳ್ಳಿ. ನಾಣ್ಯ ಕೈಯನ್ನು ಕೆಳಗೆ ಒತ್ತುತ್ತದೆ ಅಲ್ಲವೇ? ಒತ್ತಿದ್ದು ಗೊತ್ತಾಗುವುದೂ ಕಷ್ಟ. ಅದರ ತೂಕ 8 ಗ್ರಾಂಗಿಂತಲೂ ಕಡಿಮೆ.

ಸ್ಮಾರ್ಟ್-1ರ ಎಂಜಿನ್ನಿನ ಬಲ ಅದಕ್ಕಿಂತ ಇನ್ನೂ ಚೂರು ಕಡಿಮೆ! ವಿಜ್ಞಾನದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 0.07 ನ್ಯೂಟನ್. ಅಂದ್ರೆ ಸುಮಾರು 7 ಗ್ರಾಂ ತೂಕದ ವಸ್ತು ಕೈ ಮೇಲೆ ಕೂತಷ್ಟು ಒತ್ತಡ. ಆದರೆ ನೌಕೆಯ ತೂಕ 367 ಕೆ.ಜಿ. 50 ಕೆ.ಜಿ.ಯ ಏಳು ಅಕ್ಕಿ ಮೂಟೆಗಿಂತ ಹೆಚ್ಚು. ಈ ಏಳು ಗ್ರಾಂ ಬಲ ಇಷ್ಟು ಭಾರದ ನೌಕೆಯನ್ನು ಚಂದ್ರನವರೆಗೆ ತಳ್ಳಿತು ಅಂದರೆ ನಂಬುತ್ತೀರಾ? ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು, "ಏಳು ಗ್ರಾಂನಲ್ಲಿ ನಮ್ಮ ನೋಟ್‌ಬುಕ್ಕೂ ಅಲ್ಲಾಡಲ್ಲ, ಸುಮ್ನೆ ಬುರುಡೆ ಬಿಡಬೇಡ" ಅಂದರು. ಅದು ಬುರುಡೆ ಅಲ್ಲ. ಲೆಕ್ಕ ಮಾಡಿ ತೋರಿಸುತ್ತೇನೆ.

ಹೊರಟ ದಿನ

ದಕ್ಷಿಣ ಅಮೆರಿಕಾದಲ್ಲಿ ಫ್ರೆಂಚ್ ಗಯಾನಾ ಎಂಬ ಜಾಗವಿದೆ. ಅಲ್ಲಿ ಕೌರು ಎಂಬ ಉಡಾವಣಾ ಕೇಂದ್ರವಿದೆ. 2003ರ ಸೆಪ್ಟೆಂಬರ್ 27ರ ರಾತ್ರಿ ಅಲ್ಲಿಂದ ಏರಿಯೇನ್-5 ಎಂಬ ದೊಡ್ಡ ರಾಕೆಟ್ ಹಾರಿತು. ಆಗ ನಮ್ಮಲ್ಲಿ 28ನೇ ತಾರೀಖಿನ ಬೆಳಗಿನ ಜಾವ.

ಅದರಲ್ಲಿ ಮೂರು ಪ್ರಯಾಣಿಕರಿದ್ದರು. ಒಂದು ನಮ್ಮ ಇನ್ಸಾಟ್-3ಇ. ಅದು 2,700 ಕೆ.ಜಿ.ಗೂ ಹೆಚ್ಚು ಭಾರದ ಸಂಪರ್ಕ ಉಪಗ್ರಹ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಅದನ್ನು ತಯಾರಿಸಿದ್ದರು. ಆ ಕೇಂದ್ರಕ್ಕೆ ಈಗ ನಮ್ಮ ಉಡುಪಿ ಕಡೆಯ ವಿಜ್ಞಾನಿ ಯು.ಆರ್. ರಾವ್ ಅವರ ಹೆಸರು ಇಟ್ಟಿದ್ದಾರೆ. ಮೇಲೆ ಹೋದ ಮೇಲೆ ಇನ್ಸಾಟನ್ನು ನೋಡಿಕೊಂಡದ್ದು ಹಾಸನದ ನಿಯಂತ್ರಣ ಕೇಂದ್ರ. ಎರಡನೆಯದು ಇ-ಬರ್ಡ್ ಎಂಬ ಯೂರೋಪಿನ ಉಪಗ್ರಹ. ಮೂರನೆಯದೇ ಸ್ಮಾರ್ಟ್-1. ಮೂವರಲ್ಲಿ ಅದೇ ಚಿಕ್ಕದು. ಅದರ ಪೆಟ್ಟಿಗೆ ಸುಮಾರು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಬಿಸಿಲಿನಿಂದ ವಿದ್ಯುತ್ ಮಾಡುವ ರೆಕ್ಕೆ ಬಿಚ್ಚಿದಾಗ ಮಾತ್ರ ಈ ತುದಿಯಿಂದ ಆ ತುದಿಗೆ 14 ಮೀಟರ್.

ದೊಡ್ಡ ಲಾರಿಯಲ್ಲಿ ಸಾಮಾನಿನ ಜೊತೆ ಸಣ್ಣ ಹುಡುಗನನ್ನು ಕೂರಿಸಿಕೊಂಡು ಹೋಗುತ್ತಾರಲ್ಲ, ಹಂಗೆ ಇದನ್ನು ಕರೆದುಕೊಂಡು ಹೋದರು. ಆ ರಾಕೆಟ್ ಹೋಗುವುದು ಚಂದ್ರನಿಗಲ್ಲ. ಉಪಗ್ರಹಗಳನ್ನು ಭೂಮಿಯ ಸುತ್ತ ಒಂದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟರೆ ಅದರ ಕೆಲಸ ಮುಗಿಯಿತು. ಅಲ್ಲಿಂದ ಚಂದ್ರನವರೆಗೆ ಸ್ಮಾರ್ಟ್-1 ತನ್ನ ಏಳು ಗ್ರಾಂ ಬಲದಿಂದಲೇ ಹೋಗಬೇಕಿತ್ತು.

ಅಯಾನ್ ಎಂಜಿನ್ ಅಂದರೇನು?

ನಮ್ಮೂರ ಹುಡುಗರು ಹಲಗೆಗೆ ಬೇರಿಂಗ್ ಹಾಕಿ ಗಾಡಿ ಮಾಡುತ್ತಾರೆ. ನುಣುಪಾದ ನೆಲದ ಮೇಲೆ ಆ ಗಾಡಿಯಲ್ಲಿ ಕೂತು ಒಂದು ಕಲ್ಲನ್ನು ಜೋರಾಗಿ ಹಿಂದಕ್ಕೆ ಎಸೆಯಿರಿ. (ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು!) ಗಾಡಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ರಾಕೆಟ್ಟುಗಳೆಲ್ಲ ಹೋಗುವುದು ಹೀಗೆಯೇ. ಏನನ್ನಾದರೂ ಹಿಂದೆ ಎಸೆಯಬೇಕು, ತಾನು ಮುಂದೆ ಹೋಗಬೇಕು.

ಈಗ ಯೋಚನೆ ಮಾಡಿ. ನಿಮ್ಮ ಹತ್ತಿರ ಹತ್ತೇ ಕಲ್ಲು ಇವೆ. ಅವು ಮುಗಿದ ಮೇಲೆ ಮತ್ತೆ ಸಿಗುವುದಿಲ್ಲ. ಹೆಚ್ಚು ದೂರ ಹೋಗಬೇಕಾದರೆ ಏನು ಮಾಡುತ್ತೀರಿ? ಒಂದೊಂದು ಕಲ್ಲನ್ನೂ ಆದಷ್ಟು ವೇಗವಾಗಿ ಎಸೆಯುತ್ತೀರಿ. ಅದೇ ಕಲ್ಲು ಐದು ಪಟ್ಟು ವೇಗದಲ್ಲಿ ಹೋದರೆ ಐದು ಪಟ್ಟು ಲಾಭ.

ಉಪಗ್ರಹಗಳಲ್ಲಿ ಇಂಧನ ಸುಡುವ ಎಂಜಿನ್ನು ಬಿಸಿ ಅನಿಲವನ್ನು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಎಸೆಯುತ್ತದೆ. ಸ್ಮಾರ್ಟ್-1ರ ಅಯಾನ್ ಎಂಜಿನ್ನು ಸೆಕೆಂಡಿಗೆ ಸುಮಾರು 16 ಕಿ.ಮೀ. ವೇಗದಲ್ಲಿ ಎಸೆಯುತ್ತಿತ್ತು. ಐದು ಪಟ್ಟಿಗಿಂತ ಹೆಚ್ಚು!

ಅಷ್ಟು ವೇಗ ಬಂದದ್ದು ವಿದ್ಯುತ್ತಿನಿಂದ. ಒಣಗಿದ ತಲೆಕೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಆ ವಿದ್ಯುದಾವೇಶದ ಶಕ್ತಿಯೇ ಇಲ್ಲೂ ಕೆಲಸ ಮಾಡುವುದು. ನೌಕೆಯಲ್ಲಿ 82 ಕೆ.ಜಿ. ಕ್ಸೆನಾನ್ ಎಂಬ ಅನಿಲ ತುಂಬಿದ್ದರು. ಅದು ಬಣ್ಣ ಇಲ್ಲದ, ವಾಸನೆ ಇಲ್ಲದ ಜಡ ಅನಿಲ. ನಾವು ಉಸಿರಾಡುವ ಗಾಳಿಯಲ್ಲೂ ಅತೀ ಅತೀ ಸ್ವಲ್ಪ ಇದೆ. ಅದರ ಪರಮಾಣು ಬಹಳ ಭಾರ, ಆದ್ದರಿಂದ ಎಸೆಯಲಿಕ್ಕೆ ಒಳ್ಳೆಯದು. ಎಂಜಿನ್ನಿನ ಒಳಗೆ ಬಳೆಯ ಆಕಾರದ ಒಂದು ಕಾಲುವೆ ಇದೆ. ಅಲ್ಲಿ ಅಯಸ್ಕಾಂತದ ಶಕ್ತಿಯಿಂದ ಎಲೆಕ್ಟ್ರಾನುಗಳು ಸುತ್ತುತ್ತಿರುತ್ತವೆ. ಕ್ಸೆನಾನ್ ಪರಮಾಣು ಒಳಗೆ ಬಂದಾಗ ಎಲೆಕ್ಟ್ರಾನು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ಆವೇಶದ ಅಯಾನ್ ಆಗುತ್ತದೆ. ಆವೇಶ ಬಂದ ಕೂಡಲೇ ವಿದ್ಯುತ್ ಶಕ್ತಿ ಅದನ್ನು ಹಿಡಿದು ಹೊರಗೆ ನೂಕುತ್ತದೆ. ಹೊರಗೆ ಹೋಗುವಾಗ ನೀಲಿ ಬೆಳಕು ಕಾಣುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಬೇಕಾದ ವಿದ್ಯುತ್ತು ಸೂರ್ಯನಿಂದಲೇ ಸಿಗುತ್ತದೆ.

ಹಂಗಾದ್ರೆ ಬಲ ಯಾಕೆ ಇಷ್ಟು ಕಡಿಮೆ?

ಇದು ಒಳ್ಳೆಯ ಪ್ರಶ್ನೆ. ಎಸೆಯುವ ವೇಗ ಹೆಚ್ಚು, ಆದರೆ ಎಸೆಯುವ ಪ್ರಮಾಣ ಬಹಳ ಬಹಳ ಕಡಿಮೆ. ನಾನು ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 4ರಿಂದ 5 ಮಿಲಿಗ್ರಾಂ ಅನಿಲ ಮಾತ್ರ. ಒಂದು ಅಕ್ಕಿ ಕಾಳಿನ ತೂಕದಷ್ಟು ಎಸೆಯಲು ಸುಮಾರು ಐದು ಸೆಕೆಂಡು ಬೇಕು. ಇಡೀ ದಿನ ನಿಲ್ಲಿಸದೆ ಓಡಿಸಿದರೂ ಖರ್ಚು ಸುಮಾರು 380 ಗ್ರಾಂ.

ಹೆಚ್ಚು ಎಸೆಯಬೇಕಾದರೆ ಹೆಚ್ಚು ಕರೆಂಟು ಬೇಕು. ಆ ಎಂಜಿನ್ನಿಗೆ ಸಿಗುತ್ತಿದ್ದದ್ದು ಸುಮಾರು 1,200 ವ್ಯಾಟ್. ಅಂದ್ರೆ ಒಂದೂವರೆ ಎಚ್.ಪಿ. ಮೋಟರಿಗೆ ಬೇಕಾಗುವಷ್ಟು. ನಮ್ಮ ಕಡೆ ತೋಟದ ಬೋರಿಗೆ ಐದು ಎಚ್.ಪಿ. ಮೋಟರು ಕೂರಿಸುತ್ತಾರೆ. ಚಂದ್ರನಿಗೆ ಹೋದ ನೌಕೆಯ ಎಂಜಿನ್ನು ಅದರ ಮೂರನೇ ಒಂದು ಪಾಲು ಕರೆಂಟಿನಲ್ಲಿ ಓಡಿತು ಅಂದರೆ ನನಗೇ ಆಶ್ಚರ್ಯ ಆಯಿತು.

ನಮ್ಮ ತೋಟದ ಹನಿ

ನಮ್ಮ ಮನೆಯಲ್ಲಿ ಅಪ್ಪ ಅಡಿಕೆ ತೋಟಕ್ಕೆ ಹನಿ ನೀರಾವರಿ ಪೈಪು ಹಾಕಿಸಬೇಕು ಅಂದಾಗ ಅಜ್ಜ ಒಪ್ಪಲಿಲ್ಲ. "ತೊಟ್ಟು ತೊಟ್ಟು ಬಿದ್ರೆ ಮರದ ಬಾಯಿ ಒದ್ದೆ ಆಗ್ತದೇನೋ? ಕಾಲುವೇಲಿ ನೀರು ಹರಿಬೇಕು" ಅಂತ ಜಗಳ. ಆದರೆ ಬೋರಿನಲ್ಲಿ ನೀರು ಕಡಿಮೆ ಆಗಿತ್ತು. ಮೋಟರು ಹಾಕಿದರೆ ಸ್ವಲ್ಪ ಹೊತ್ತಿಗೇ ನೀರು ನಿಂತು ಗಾಳಿ ಬರುತ್ತಿತ್ತು. ಕಾಲುವೆಗೆ ಬಿಟ್ಟರೆ ಆ ನೀರು ಮೊದಲ ನಾಲ್ಕು ಸಾಲಿಗೇ ಮುಗಿದು ಹೋಗುತ್ತಿತ್ತು, ಕೊನೆಯ ಸಾಲಿನ ಸಸಿಗಳು ಬಾಡಿದ್ದವು. ಕೊನೆಗೆ ಅಪ್ಪ ಪೈಪು ಹಾಕಿಸಿಯೇ ಬಿಟ್ಟರು. ಆ ಬೇಸಿಗೆಯಲ್ಲಿ ಅದೇ ನೀರು ಕೊನೆಯ ಸಾಲಿಗೂ ಮುಟ್ಟಿತು, ಸಸಿಗಳು ಉಳಿದವು. ಅಜ್ಜ ಈಗ ದಿನಾ ಬೆಳಿಗ್ಗೆ ತಾವೇ ಹೋಗಿ ಪೈಪಿನ ತೂತು ಕಟ್ಟಿದೆಯಾ ಅಂತ ನೋಡುತ್ತಾರೆ.

ಅಯಾನ್ ಎಂಜಿನ್ನೂ ಹನಿ ನೀರಾವರಿ ಇದ್ದ ಹಾಗೆ. ನೋಡಲಿಕ್ಕೆ ಜೋರಿಲ್ಲ. ಆದರೆ ಇದ್ದ ಸ್ವಲ್ಪದರಲ್ಲಿ ಕೊನೆಯ ಸಾಲಿನವರೆಗೂ ಮುಟ್ಟಿಸುತ್ತದೆ.

ಲೆಕ್ಕ ನೋಡಿ

ಈಗ ಹಿಂದಿನ ಬೆಂಚಿನವರು ಕಾಯುತ್ತಿರುವ ಲೆಕ್ಕ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಬರುತ್ತದೆ. 0.07ನ್ನು 367ರಿಂದ ಭಾಗಿಸಿ. 0.00019 ಬರುತ್ತದೆ. ಅಂದ್ರೆ ಒಂದು ಸೆಕೆಂಡು ತಳ್ಳಿದರೆ ನೌಕೆಗೆ ಸಿಗುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಬಸವನಹುಳು ಕೂಡ ಇದಕ್ಕಿಂತ ಜೋರು!

ಆದರೆ ದಿನಕ್ಕೆ 86,400 ಸೆಕೆಂಡು ಇವೆ. ಗುಣಿಸಿ ನೋಡಿ. ಸೆಕೆಂಡಿಗೆ ಸುಮಾರು 16 ಮೀಟರ್ ವೇಗ ಬರುತ್ತದೆ. ಅಂದ್ರೆ ಗಂಟೆಗೆ ಸುಮಾರು 60 ಕಿ.ಮೀ. ಆನವಟ್ಟಿಯಿಂದ ಹೊರಟ ಬಸ್ಸು ಅರ್ಧ ನಿಮಿಷದಲ್ಲಿ ಈ ವೇಗ ಹಿಡಿಯುತ್ತದೆ. ನೌಕೆಗೆ ಒಂದು ಹಗಲು ಒಂದು ರಾತ್ರಿ ಬೇಕು. ಆದರೆ ಬಸ್ಸು ಅಲ್ಲಿಗೇ ನಿಲ್ಲುತ್ತದೆ, ಯಾಕಂದರೆ ಗಾಳಿ ತಡೆಯುತ್ತದೆ, ರಸ್ತೆ ತಡೆಯುತ್ತದೆ. ಬಾಹ್ಯಾಕಾಶದಲ್ಲಿ ತಡೆಯುವ ಗಾಳಿ ಇಲ್ಲ, ಉಜ್ಜುವ ರಸ್ತೆ ಇಲ್ಲ. ಕೊಟ್ಟದ್ದು ಕೊಟ್ಟ ಹಾಗೇ ಉಳಿಯುತ್ತದೆ. ಎರಡನೇ ದಿನ ಇನ್ನು 60, ಮೂರನೇ ದಿನ ಮತ್ತೆ 60. ನೂರು ದಿನ ತಳ್ಳಿದರೆ ಗಂಟೆಗೆ 6,000 ಕಿ.ಮೀ.ಗೆ ಸಮನಾದ ತಳ್ಳುವಿಕೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಭೂಮಿ ನೌಕೆಯನ್ನು ಯಾವಾಗಲೂ ತನ್ನ ಕಡೆ ಎಳೆಯುತ್ತಿರುತ್ತದೆ. ಆದ್ದರಿಂದ ಸಿಕ್ಕ ಈ ತಳ್ಳುವಿಕೆಯೆಲ್ಲ ಮೇಲೆ ಹತ್ತುವುದಕ್ಕೇ ಖರ್ಚಾಗುತ್ತದೆ. ಏರು ರಸ್ತೆಯಲ್ಲಿ ಸೈಕಲ್ ತುಳಿದ ಹಾಗೆ. ತುಳಿದರೂ ವೇಗ ಹೆಚ್ಚಿದ್ದು ಕಾಣುವುದಿಲ್ಲ, ಆದರೆ ದಿಬ್ಬ ಹತ್ತಿರುತ್ತೇವೆ.

ಬುಗುರಿಯ ಚಾಟಿಯಂಥ ದಾರಿ

ಬುಗುರಿಗೆ ಚಾಟಿ ಸುತ್ತುವಾಗ ಮೊಳೆಯ ಹತ್ತಿರ ಸುತ್ತು ಸಣ್ಣದು, ಮೇಲೆ ಹೋದಂತೆ ದೊಡ್ಡದು. ಸ್ಮಾರ್ಟ್-1 ಹೋದದ್ದೂ ಹಾಗೆಯೇ. ಒಂದೊಂದು ಸುತ್ತಿಗೂ ಕಕ್ಷೆ ಸ್ವಲ್ಪ ಸ್ವಲ್ಪ ಅಗಲವಾಯಿತು. ಭೂಮಿಯನ್ನು 332 ಸುತ್ತು ಸುತ್ತಿತು. ಚಂದ್ರ ನಮ್ಮಿಂದ ಸುಮಾರು 3 ಲಕ್ಷ 84 ಸಾವಿರ ಕಿ.ಮೀ. ದೂರ. ಆದರೆ ಸುತ್ತಿ ಸುತ್ತಿ ಹೋದದ್ದರಿಂದ ನೌಕೆ ಕ್ರಮಿಸಿದ ದಾರಿ 8 ಕೋಟಿ 40 ಲಕ್ಷ ಕಿ.ಮೀ.!

ದಾರಿ ಸುಖವಾಗಿರಲಿಲ್ಲ. ಭೂಮಿಯ ಸುತ್ತ ವಿಕಿರಣದ ಪಟ್ಟಿಗಳಿವೆ. ಜೋರಾಗಿ ಹೋಗುವ ನೌಕೆ ಅದನ್ನು ಕೆಲವೇ ಗಂಟೆಗಳಲ್ಲಿ ದಾಟುತ್ತದೆ. ನಿಧಾನದ ಸ್ಮಾರ್ಟ್-1 ಮೊದಲ ಕೆಲವು ತಿಂಗಳು ಅದರಲ್ಲೇ ಹಾದು ಹಾದು ಹೋಗಬೇಕಾಯಿತು. ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಸೂರ್ಯನಿಂದ ದೊಡ್ಡ ಬಿರುಗಾಳಿಯಂತೆ ಕಣಗಳು ಬಂದವು. ವಿಕಿರಣ ತಗಲಿ ಎಂಜಿನ್ನು ಕೆಲವು ಸಲ ತಾನಾಗಿಯೇ ನಿಂತುಬಿಟ್ಟಿತು. ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ನಿಯಂತ್ರಣ ಕೇಂದ್ರದವರು ಮತ್ತೆ ಮತ್ತೆ ಅದನ್ನು ಚಾಲೂ ಮಾಡಿದರು. ಮನುಷ್ಯರನ್ನು ಇಷ್ಟು ನಿಧಾನವಾಗಿ ಕಳಿಸಲು ಆಗುವುದಿಲ್ಲ ಅನ್ನುವುದಕ್ಕೆ ಈ ವಿಕಿರಣವೂ ಒಂದು ಕಾರಣ.

2004ರ ನವೆಂಬರ್ 15ರಂದು ಸ್ಮಾರ್ಟ್-1 ಚಂದ್ರನ ಕಕ್ಷೆ ಸೇರಿತು. ಹೊರಟು 415 ದಿನ ಆಗಿತ್ತು. ಅಷ್ಟು ದಾರಿಗೆ ಖರ್ಚಾದ ಕ್ಸೆನಾನ್ 59 ಕೆ.ಜಿ. ಮಾತ್ರ.

ನಮ್ಮ ಚಂದ್ರಯಾನದ ಜೊತೆ ಹೋಲಿಕೆ

ನಮ್ಮ ಚಂದ್ರಯಾನ-1 ಶ್ರೀಹರಿಕೋಟಾದಿಂದ 2008ರ ಅಕ್ಟೋಬರ್ 22ರಂದು ಹೊರಟು ನವೆಂಬರ್ 8ರಂದು ಚಂದ್ರನ ಕಕ್ಷೆ ಸೇರಿತು. 17 ದಿನ! ಅದರ ಎಂಜಿನ್ನಿನ ಬಲ 440 ನ್ಯೂಟನ್. ಸ್ಮಾರ್ಟ್-1ಕ್ಕಿಂತ ಆರು ಸಾವಿರ ಪಟ್ಟಿಗೂ ಹೆಚ್ಚು. ಆದರೆ ಹೊರಡುವಾಗ ಚಂದ್ರಯಾನದ 1,380 ಕೆ.ಜಿ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನವೇ ಆಗಿತ್ತು. ಸ್ಮಾರ್ಟ್-1ರಲ್ಲಿ ಕ್ಸೆನಾನ್ ಕಾಲು ಭಾಗಕ್ಕಿಂತ ಕಡಿಮೆ. ಎರಡೂ ಹೊರಟ ಕಕ್ಷೆ ಒಂದೇ ಅಲ್ಲ, ಆದ್ದರಿಂದ ಈ ಹೋಲಿಕೆ ಸರಿಸುಮಾರು ಅಷ್ಟೇ. ಆದರೂ ವಿಷಯ ಅರ್ಥವಾಗುತ್ತದೆ. ಒಂದು ದಿನ ಉಳಿಸುತ್ತದೆ, ಇನ್ನೊಂದು ಭಾರ ಉಳಿಸುತ್ತದೆ. ಯಾವುದು ಮೇಲು ಅಂತ ಜಗಳ ಆಡಬಾರದು. ಜ್ವರ ಬಂದವರನ್ನು ಆಸ್ಪತ್ರೆಗೆ ಒಯ್ಯಲು ಜೀಪು ಬೇಕು. ಗದ್ದೆಗೆ ಗೊಬ್ಬರ ಹೊಡೆಯಲು ಎತ್ತಿನ ಗಾಡಿ ಸಾಕು.

ಈ ಎರಡಕ್ಕೂ ಇನ್ನೊಂದು ನಂಟಿದೆ. ಸ್ಮಾರ್ಟ್-1ರಲ್ಲಿ ಚಂದ್ರನ ನೆಲದಿಂದ ಬರುವ ಎಕ್ಸ್-ರೇ ನೋಡುವ ಒಂದು ಉಪಕರಣ ಇತ್ತು. ಚಂದ್ರನಲ್ಲಿ ಕ್ಯಾಲ್ಸಿಯಂ ಇರುವುದನ್ನು ಅದು ಮೇಲಿನಿಂದಲೇ ಗುರುತಿಸಿತು. ನಮ್ಮ ಅಜ್ಜಿ ಎಲೆಗೆ ಹಚ್ಚುವ ಸುಣ್ಣದಲ್ಲಿ ಇರುತ್ತದಲ್ಲ, ಅದೇ ಧಾತು. ಅದನ್ನೂ ಇನ್ನೊಂದು ಉಪಕರಣವನ್ನೂ ಇನ್ನಷ್ಟು ಸುಧಾರಿಸಿ ಯೂರೋಪಿನವರು ನಮ್ಮ ಚಂದ್ರಯಾನ-1ರಲ್ಲಿ ಕಳಿಸಿದರು. ಆ ಚಂದ್ರಯಾನದ ಮಾತು ಕೇಳಿಸಿಕೊಂಡದ್ದು ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಹಳ್ಳಿಯಲ್ಲಿರುವ 32 ಮೀಟರ್ ಅಗಲದ ಆಂಟೆನಾ. ಅಂದ್ರೆ 2003ರಲ್ಲಿ ನಮ್ಮ ಇನ್ಸಾಟ್ ಜೊತೆ ಒಂದೇ ಗಾಡಿಯಲ್ಲಿ ಹೋದವನ ಕಣ್ಣುಗಳು ಐದು ವರ್ಷದ ಮೇಲೆ ನಮ್ಮ ನೌಕೆಗೇ ಬಂದವು.

ಕೊನೆಯ ದಿನ

ಹನಿ ಹನಿಯಾಗಿ ಖರ್ಚು ಮಾಡಿದರೂ ಪಾತ್ರೆ ಒಂದು ದಿನ ಬರಿದಾಗಲೇಬೇಕು. 2005ರ ಸೆಪ್ಟೆಂಬರಿನಲ್ಲಿ ಕ್ಸೆನಾನ್ ಮುಗಿಯಿತು. ಒಟ್ಟು ಸುಮಾರು 5,000 ಗಂಟೆ ಆ ಎಂಜಿನ್ನು ಓಡಿತ್ತು. ಭೂಮಿಯ ಸೆಳೆತದಿಂದ ನೌಕೆಯ ಕಕ್ಷೆ ಬದಲಾಗುತ್ತಾ ಇತ್ತು. ಹಾಗೇ ಬಿಟ್ಟಿದ್ದರೆ ಅದು ನಮಗೆ ಕಾಣದ ಆಚೆ ಬದಿಯಲ್ಲಿ ಬೀಳುತ್ತಿತ್ತು. ವಿಜ್ಞಾನಿಗಳು ಅದರಲ್ಲಿದ್ದ ಬೇರೆ ಸಣ್ಣ ಎಂಜಿನ್ನುಗಳಿಂದ ದಾರಿ ಸ್ವಲ್ಪ ತಿರುಗಿಸಿ, ನಮಗೆ ಕಾಣುವ ಬದಿಯಲ್ಲೇ ಬೀಳುವಂತೆ ಮಾಡಿದರು. ಬೀಳುವಾಗಲೂ ಏನಾದರೂ ಕಲಿಯೋಣ ಅಂತ.

2006ರ ಸೆಪ್ಟೆಂಬರ್ 3ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11 ಗಂಟೆ 12 ನಿಮಿಷಕ್ಕೆ, ಸ್ಮಾರ್ಟ್-1 ಸೆಕೆಂಡಿಗೆ 2 ಕಿ.ಮೀ. ವೇಗದಲ್ಲಿ ಚಂದ್ರನಿಗೆ ಓರೆಯಾಗಿ ಬಡಿಯಿತು. ಹವಾಯಿ ದ್ವೀಪದ ದೊಡ್ಡ ದೂರದರ್ಶಕದಲ್ಲಿ ಒಂದು ಮಿಂಚು ಕಂಡಿತು. ಬಿದ್ದ ಜಾಗದ ಹೆಸರು ಶ್ರೇಷ್ಠತೆಯ ಸರೋವರ. ಹೆಸರಿಗೆ ಸರೋವರ, ಅಲ್ಲಿ ನೀರಿಲ್ಲ, ಹಳೆಯ ಲಾವಾ ಹರಿದು ಗಟ್ಟಿಯಾದ ಬಯಲು. ಆಮೇಲೆ ಅಮೆರಿಕಾದ ಇನ್ನೊಂದು ನೌಕೆ ತೆಗೆದ ಚಿತ್ರಗಳಲ್ಲಿ ಆ ಗುರುತು ಸಿಕ್ಕಿತು. 4 ಮೀಟರ್ ಅಗಲ, 20 ಮೀಟರ್ ಉದ್ದ. ನೇಗಿಲು ಹೊಡೆದ ಸಾಲಿನಂತೆ.

ಆಮೇಲೆ ಏನಾಯಿತು?

ಸ್ಮಾರ್ಟ್-1 ಹೊರಟು ಸರಿಯಾಗಿ ನಾಲ್ಕು ವರ್ಷಕ್ಕೆ, 2007ರ ಸೆಪ್ಟೆಂಬರ್ 27ರಂದು, ಅಮೆರಿಕಾದ ಡಾನ್ ಎಂಬ ನೌಕೆ ಅಯಾನ್ ಎಂಜಿನ್ ಕಟ್ಟಿಕೊಂಡು ಹೊರಟಿತು. ಅದು ಮೊದಲು ವೆಸ್ಟಾ, ಆಮೇಲೆ ಸಿರಿಸ್, ಹೀಗೆ ಎರಡು ಬೇರೆ ಬೇರೆ ಲೋಕಗಳ ಸುತ್ತ ಸುತ್ತಿತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2017ರ ಮೇ 5ರಂದು ಹಾರಿದ ಜಿಸ್ಯಾಟ್-9 ಉಪಗ್ರಹದಲ್ಲಿ ತನ್ನ ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳಲು ಕ್ಸೆನಾನ್ ಎಂಜಿನ್ನುಗಳನ್ನು ಇಟ್ಟಿದ್ದರು.

ಹಿಂದಿನ ಬೆಂಚಿನ ಗೆಳೆಯರು ಹೇಳಿದ್ದರಲ್ಲಿ ಒಂದು ಮಾತು ನಿಜ. ಏಳು ಗ್ರಾಂ ಬಲದಲ್ಲಿ ನಮ್ಮ ಶಾಲೆಯ ಅಂಗಳದಿಂದ ಒಂದು ನೋಟ್‌ಬುಕ್ಕೂ ಮೇಲೇಳುವುದಿಲ್ಲ. ನೆಲದಿಂದ ಎತ್ತಲು ಏರಿಯೇನ್‌ನಂಥ ದೊಡ್ಡ ರಾಕೆಟ್ಟೇ ಬೇಕು. ಆದರೆ ಒಮ್ಮೆ ಎತ್ತಿ ಬಿಟ್ಟ ಮೇಲೆ, ತಡೆಯುವವರು ಯಾರೂ ಇಲ್ಲದ ಜಾಗದಲ್ಲಿ, ಬಿಡದೆ ತಳ್ಳುವವನಿಗೆ ಅಷ್ಟೇ ಸಾಕು.

ನೀವೇ ಮಾಡಿ ನೋಡಿ

1. ದಿನಕ್ಕೆ 380 ಗ್ರಾಂ ಖರ್ಚಾದರೆ 10 ಕೆ.ಜಿ. ಕ್ಸೆನಾನ್ ಎಷ್ಟು ದಿನ ಬರುತ್ತದೆ?

2. ಇದೇ ಎಂಜಿನ್ನು 734 ಕೆ.ಜಿ. ನೌಕೆಯನ್ನು ತಳ್ಳಿದರೆ ಒಂದು ದಿನಕ್ಕೆ ಸಿಗುವ ವೇಗ ಎಷ್ಟು?

ಉತ್ತರವನ್ನು ಚೀಟಿಯಲ್ಲಿ ಬರೆದು ಹೆಸರು, ತರಗತಿ ಹಾಕಿ ಗೋಡೆ ಪತ್ರಿಕೆಯ ಡಬ್ಬಿಯಲ್ಲಿ ಹಾಕಿರಿ. ಸರಿ ಉತ್ತರ ಮುಂದಿನ ತಿಂಗಳು ಇಲ್ಲೇ ನೋಡಿರಿ. ಐದನೇ, ಆರನೇ ತರಗತಿಯವರೂ ಬರೆಯಬಹುದು.

ಇಂತಿ ನಿಮ್ಮ,
7ನೇ ತರಗತಿ ವಿದ್ಯಾರ್ಥಿ, ಕುಬಟೂರು